ತಂಡ ಸೋತ ರಾತ್ರಿ ಹೃದಯ ಜೋಪಾನ

ಪಂದ್ಯ ಮುಗಿದಿದೆ. ನಿಮ್ಮ ತಂಡ ಸೋತಿದೆ. ಅದೂ ಯಾರ ಕೈಯಲ್ಲಿ? ಯಾರಿಗೆ ಸೋತರೂ ಪರವಾಗಿಲ್ಲ, ಇವರಿಗೆ ಮಾತ್ರ ಸೋಲಬಾರದು ಎಂದು ವರ್ಷವಿಡೀ ಅಂದುಕೊಂಡಿದ್ದ ಅದೇ ಎದುರಾಳಿಯ ಕೈಯಲ್ಲಿ! ಬಡಿಸಿಟ್ಟ ಊಟ ಆರಿಹೋಗಿದೆ. ‘ಆಟ ತಾನೇ, ಬಿಡಿ, ಬಂದು ಊಟ ಮಾಡಿ’ ಎಂದು ಮನೆಯಾಕೆ ಕರೆದರೆ ಮೈಯೆಲ್ಲ ಉರಿಯುತ್ತದೆ. ಮಲಗಿದರೆ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದರೆ ತಲೆಭಾರ, ಹೊಟ್ಟೆಯಲ್ಲಿ ಸಂಕಟ. ಆಡಿದವರು ಯಾರೋ, ಸುಸ್ತಾದದ್ದು ನಮಗೆ. ಇದೇಕೆ ಹೀಗೆ?

ನಂಜನಗೂಡು, ತಿ. ನರಸೀಪುರದ ಕಡೆಯ ಮನೆಗಳಲ್ಲಿ ಕ್ರಿಕೆಟ್ ಹುಚ್ಚು ಹಳೆಯದು. 1986ರ ಏಪ್ರಿಲ್ 18ರಂದು ಶಾರ್ಜಾದಲ್ಲಿ ಕೊನೆಯ ಎಸೆತವನ್ನು ಜಾವೆದ್ ಮಿಯಾಂದಾದ್ ಸಿಕ್ಸರ್‌ಗೆ ಎತ್ತಿ ಪಾಕಿಸ್ತಾನವನ್ನು ಗೆಲ್ಲಿಸಿದ್ದು ಇಂದಿಗೂ ಹಿರಿಯರ ಹೊಟ್ಟೆ ಉರಿಸುತ್ತದೆ. ಈಗ ಕಿರಿಯರಿಗೆ ಫುಟ್‌ಬಾಲ್ ಸಹ ಸೇರಿದೆ. ಈ ಎರಡೂ ಊರುಗಳನ್ನು ಹಾದುಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ ಗುಂಡ್ಲುಪೇಟೆ, ವಯನಾಡು ದಾಟಿ ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಕಲ್ಲಿಕೋಟೆಗೆ ಮುಟ್ಟುತ್ತದೆ. ಹೀಗಾಗಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಪಂದ್ಯವೆಂದರೆ ನೆರೆಮನೆಯವರೊಡನೆ ನಡೆಯುವ ಜಿದ್ದಾಜಿದ್ದಿ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲಿನ ವಿವಾದದಿಂದ ಕೇರಳದ ಆಟಗಾರರು ಮೈದಾನ ಬಿಟ್ಟು ನಡೆದರು. ಗೆಲುವು ಬೆಂಗಳೂರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಕೇರಳ 2-1 ಗೋಲುಗಳಿಂದ ಸೇಡು ತೀರಿಸಿಕೊಂಡಿತು. ಆ ರಾತ್ರಿ ಊಟ ಸೇರದೆ ಮಲಗಿದ ಅಭಿಮಾನಿಗಳಿಗೆ ಈ ಲೇಖನ ಬೇಗ ಅರ್ಥವಾಗುತ್ತದೆ.

ದೇಹಕ್ಕೆ ಆಟವೂ ಒಂದೇ, ಜಗಳವೂ ಒಂದೇ

ಅಪಾಯ ಎದುರಾದಾಗ ನಮ್ಮ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸದೂತಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಯಕೃತ್ತಿನಿಂದ ಸಕ್ಕರೆ ಹೊರಬರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬರುತ್ತದೆ. ಹಾವು ಕಂಡು ಓಡಬೇಕಾದವನಿಗೆ ಇದೆಲ್ಲ ಉಪಕಾರಿ. ಆದರೆ ಹಾವಿಗೂ ಕೊನೆಯ ನಿಮಿಷದ ಪೆನಾಲ್ಟಿಗೂ ಇರುವ ವ್ಯತ್ಯಾಸ ಈ ಗ್ರಂಥಿಗಳಿಗೆ ತಿಳಿಯದು. ಓಡಬೇಕಾದ ನೀವು ಕುರ್ಚಿಯಲ್ಲಿ ಕುಳಿತೇ ಇರುತ್ತೀರಿ. ಏರಿದ ಒತ್ತಡ ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಇನ್ನೊಂದು ಸ್ವಾರಸ್ಯ ನೋಡಿ. ತಂಡ ಗೆದ್ದರೆ ‘ನಾವು ಗೆದ್ದೆವು’ ಎನ್ನುತ್ತೇವೆ. ಸೋತರೆ ‘ಅವರು ಸೋತರು’ ಎನ್ನುತ್ತೇವೆ. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲೇ ವಿದ್ಯಾರ್ಥಿಗಳಲ್ಲಿ ಈ ಗುಣವನ್ನು ಗುರುತಿಸಿದ್ದರು. ಗೆಲುವಿನಿಂದ ನಮ್ಮ ಬಗ್ಗೆ ನಮಗಿರುವ ಅಭಿಮಾನ ಏರುತ್ತದೆ, ಸೋಲಿನಿಂದ ಕುಗ್ಗುತ್ತದೆ. ಎದುರಾಳಿ ಹಳೆಯ ಜಿದ್ದಿನವನಾದರೆ ಮಾತು ಇನ್ನೂ ಬೇರೆ. ಮರುದಿನ ಅಂಗಡಿಯಲ್ಲಿ, ಆಫೀಸಿನಲ್ಲಿ ಅವರ ಕಡೆಯವರ ಕುಹಕ ಕೇಳಬೇಕಲ್ಲ! ಆ ಅವಮಾನದ ಭಯ ಸೋಲಿನ ನೋವನ್ನು ಇಮ್ಮಡಿ ಮಾಡುತ್ತದೆ.

ಅಂಕಿಅಂಶ ಏನು ಹೇಳುತ್ತದೆ?

1998ರ ಜೂನ್ 30ರಂದು ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತನ್ನ ಹಳೆಯ ಎದುರಾಳಿ ಅರ್ಜೆಂಟೀನಾಕ್ಕೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಆ ದಿನ ಮತ್ತು ಮುಂದಿನ 2 ದಿನಗಳಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೃದಯಾಘಾತದಿಂದ ಸೇರಿದವರ ಸಂಖ್ಯೆ ಶೇಕಡ 25ರಷ್ಟು ಏರಿತ್ತು ಎಂದು 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತು. 2006ರ ವಿಶ್ವಕಪ್ ವೇಳೆ ಜರ್ಮನಿಯ ಮ್ಯೂನಿಕ್ ಪ್ರದೇಶದಲ್ಲಿ ನಡೆದ ಅಧ್ಯಯನದಲ್ಲಿ, ಜರ್ಮನಿ ಆಡಿದ ದಿನಗಳಂದು ಹೃದಯದ ತುರ್ತು ಪ್ರಕರಣಗಳು ಸುಮಾರು 2.7 ಪಟ್ಟು ಇದ್ದವು. ಮೊದಲೇ ಹೃದಯದ ರಕ್ತನಾಳದ ಕಾಯಿಲೆ ಇದ್ದವರಲ್ಲಿ ಇದು ಸುಮಾರು 4 ಪಟ್ಟು.

ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ. ಕೆಲವು ಕಡೆ ಇಂಥ ಏರಿಕೆ ಕಂಡುಬಂದಿಲ್ಲ. ಆರೋಗ್ಯವಂತರು ಹೆದರಿ ಟಿ.ವಿ. ಆರಿಸಬೇಕಿಲ್ಲ. ಆದರೆ ಬಿ.ಪಿ., ಸಕ್ಕರೆ ಕಾಯಿಲೆ, ಹಳೆಯ ಹೃದಯಾಘಾತ, ಬೀಡಿ ಸಿಗರೇಟು, ಇವುಗಳಲ್ಲಿ ಒಂದಿದ್ದರೂ ನೀವು ಎಚ್ಚರ ವಹಿಸಬೇಕಾದವರು. ಪಂದ್ಯದ ಉದ್ವೇಗಕ್ಕೆ ಕರಿದ ಬೋಂಡ, ಉಪ್ಪಿನ ನಿಪ್ಪಟ್ಟು, ಮದ್ಯ, ಒಂದರ ಹಿಂದೊಂದು ಸಿಗರೇಟು, ಮರೆತ ಮಾತ್ರೆ, ಕೆಟ್ಟ ನಿದ್ದೆ ಎಲ್ಲವೂ ಅದೇ ರಾತ್ರಿ ಕೂಡಿಕೊಳ್ಳುತ್ತವೆ.

ಎದೆನೋವಿಗೆ ಸೋಲಿನ ನೆಪ ಬೇಡ

ಇಲ್ಲೇ ಜೀವ ಹೋಗುವ ತಪ್ಪು ನಡೆಯುವುದು. ಎದೆಯ ಮೇಲೆ ಕಲ್ಲಿಟ್ಟ ಹಾಗೆ ಭಾರವಾಗುತ್ತದೆ. ‘ಪಂದ್ಯ ಸೋತ ಬೇಜಾರು’ ಎಂದು ಮನೆಯವರು ನಗುತ್ತಾರೆ, ‘ಗ್ಯಾಸ್ ಇರಬೇಕು’ ಎಂದು ರೋಗಿ ಸೋಡಾ ಕುಡಿದು ಮಲಗುತ್ತಾನೆ. ಬೆಳಗಾಗುವ ಹೊತ್ತಿಗೆ ಅಮೂಲ್ಯ ಸಮಯ ಕಳೆದಿರುತ್ತದೆ. ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ, ಕಾರಣವಿಲ್ಲದ ವಾಂತಿ ಕಂಡರೆ ಕಾಯಬೇಡಿ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಇರಬಹುದು. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು.

ಕೂಡಲೇ 108ಕ್ಕೆ ಫೋನ್ ಮಾಡಿ. ರೋಗಿಯನ್ನು ನಡೆಸಬೇಡಿ, ಅವರೇ ಬೈಕ್ ಓಡಿಸಿಕೊಂಡು ಹೋಗಲು ಬಿಡಬೇಡಿ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ., ತಿ. ನರಸೀಪುರದಿಂದ ಸುಮಾರು 30 ಕಿ.ಮೀ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಆದರೆ ದಾರಿಯ ಹೊತ್ತನ್ನು ಲೆಕ್ಕ ಹಾಕುತ್ತಾ ಕೂರುವ ಬದಲು ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದರೆ ನಾಚಿಕೆಪಡಬೇಕಾಗಿಲ್ಲ, ಸಂತೋಷಪಡಿ.

ಸೋತ ತಂಡದ ಸಿಟ್ಟು ಯಾರ ಮೇಲೆ?

ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ. 2002, 2006 ಮತ್ತು 2010ರ ವಿಶ್ವಕಪ್‌ಗಳ ವೇಳೆ ಇಂಗ್ಲೆಂಡಿನ ಲ್ಯಾಂಕಾಷೈರ್ ಪೊಲೀಸರ ದಾಖಲೆಗಳನ್ನು ಸಂಶೋಧಕರು ನೋಡಿದರು. ಇಂಗ್ಲೆಂಡ್ ಸೋತ ದಿನ ಮನೆಯೊಳಗಿನ ಹಿಂಸೆಯ ದೂರುಗಳು ಶೇಕಡ 38ರಷ್ಟು ಹೆಚ್ಚಿದ್ದವು. ಗೆದ್ದ ಅಥವಾ ಸಮನಾದ ದಿನವೂ ಶೇಕಡ 26ರಷ್ಟು ಹೆಚ್ಚು. ಹಾಗಾದರೆ ಸೋಲೊಂದೇ ಕಾರಣವಲ್ಲ. ಕುಡಿತ, ಉದ್ವೇಗ ಮತ್ತು ಮೊದಲೇ ಇರುವ ದುರ್ಗುಣಕ್ಕೆ ಪಂದ್ಯ ಒಂದು ನೆಪ. ಮೈದಾನದಲ್ಲಿ ಯಾರೋ ಗೋಲು ತಪ್ಪಿಸಿದ್ದಕ್ಕೆ ಮನೆಯಲ್ಲಿ ಹೆಂಡತಿ ಮಕ್ಕಳು ಏಟು ತಿನ್ನುವುದು ಯಾವ ಅಭಿಮಾನ? ಹೀಗೆ ತೊಂದರೆಗೆ ಸಿಕ್ಕ ತಾಯಂದಿರು, ಸೋದರಿಯರು 181ಕ್ಕೆ ಅಥವಾ ತುರ್ತಾಗಿ 112ಕ್ಕೆ ಕರೆ ಮಾಡಬಹುದು.

ಮುಂದಿನ ಪಂದ್ಯಕ್ಕೆ ಮುನ್ನ

1. ಬಿ.ಪಿ., ಸಕ್ಕರೆ, ಹೃದಯದ ಮಾತ್ರೆಗಳನ್ನು ಟಿ.ವಿ. ಹಾಕುವ ಮೊದಲೇ, ವೈದ್ಯರು ಹೇಳಿದ ಹೊತ್ತಿಗೇ ತೆಗೆದುಕೊಳ್ಳಿ.

2. ಊಟವನ್ನು ಪಂದ್ಯದ ಮುಗಿತಾಯಕ್ಕೆ ಕಟ್ಟಿಹಾಕಬೇಡಿ. ಕರಿದದ್ದರ ಬದಲು ಚುರುಮುರಿ, ಸೌತೆಕಾಯಿ, ಮಜ್ಜಿಗೆ ಇರಲಿ. ಸಕ್ಕರೆ ಕಾಯಿಲೆ ಇಲ್ಲದವರಿಗೆ ನಂಜನಗೂಡಿನ ರಸಬಾಳೆ ಸಿಕ್ಕರೆ ಇನ್ನೇನು ಬೇಕು!

3. ವಿರಾಮದಲ್ಲಿ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಎದೆ ಹೊಡೆದುಕೊಂಡರೆ ನಿಧಾನವಾಗಿ ಉಸಿರೆಳೆದು ಇನ್ನೂ ನಿಧಾನವಾಗಿ ಬಿಡಿ.

4. ಸೋತ ಮೇಲೆ ಮೊಬೈಲಿನಲ್ಲಿ ಅದೇ ಗೋಲನ್ನು ಮತ್ತೆ ಮತ್ತೆ ನೋಡಬೇಡಿ. ನೋಡಿದಷ್ಟು ಸಲ ದೇಹ ಮತ್ತೆ ಸೋಲುತ್ತದೆ.

5. ಪಂದ್ಯಕ್ಕೆ ಹಣ ಕಟ್ಟಬೇಡಿ. ಹಣ ಕಟ್ಟಿದವನಿಗೆ ಒಂದು ಸೋಲು ಎರಡಾಗುತ್ತದೆ.

6. ಅಳುವ ಮಗುವನ್ನು ‘ಆಟಕ್ಕೆ ಯಾಕೋ ಅಳ್ತೀಯ’ ಎಂದು ಗೇಲಿ ಮಾಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ನೀವು ಕಂಡ ಹಳೆಯ ಸೋಲೊಂದರ ಕಥೆ ಹೇಳಿ. ಸೋಲನ್ನು ಸಹಿಸುವ ವಿದ್ಯೆ ಮಕ್ಕಳಿಗೆ ಬರುವುದು ದೊಡ್ಡವರನ್ನು ನೋಡಿಯೇ.

ಈ ಬೇಸರ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ಊಟ, ನಿದ್ದೆ, ಕೆಲಸ ಯಾವುದೂ ಬೇಡವೆನಿಸಿದರೆ, ಬದುಕೇ ಸಾಕೆನಿಸಿದರೆ ಅದಕ್ಕೆ ಕಾರಣ ಪಂದ್ಯವಲ್ಲ. ಒಳಗೆ ಬೇರೇನೋ ನೋವಿದೆ. ಬದುಕು ಸಾಕೆನ್ನುವ ಯೋಚನೆ ಬಂದರಂತೂ ಎರಡು ವಾರ ಕಾಯಲೇಬಾರದು. ವೈದ್ಯರನ್ನು ಕಾಣಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.

ನಂಜನ್ನು ಕಂಠದಲ್ಲೇ ಹಿಡಿದಿಟ್ಟುಕೊಂಡವನು ನಂಜುಂಡೇಶ್ವರ. ಅದು ಅವನಿಗೆ ಸಾಧ್ಯ. ನಮ್ಮ ನಿಮ್ಮಂಥವರಿಗೆ ಅಲ್ಲ. ಸೋಲಿನ ಕಹಿಯನ್ನು ಒಳಗೇ ಇಟ್ಟುಕೊಳ್ಳಬೇಡಿ, ಮನೆಯವರ ಮೇಲೂ ಕಾರಬೇಡಿ. ಮರುದಿನ ಸಂಜೆ ನಂಜನಗೂಡಿನವರು ಕಪಿಲೆಯ ದಡಕ್ಕೆ, ತಿ. ನರಸೀಪುರದವರು ಸಂಗಮದ ಕಡೆಗೆ ಒಬ್ಬ ಗೆಳೆಯನ ಜೊತೆ ನಡೆದುಹೋಗಿ. ಆಟಗಾರರನ್ನು ಬಾಯಿತುಂಬ ಬೈದು ಬಿಡಿ. ಆ ಗೆಳೆಯ ಎದುರಾಳಿ ತಂಡದ ಕಡೆಯವನಾದರೆ ಇನ್ನೂ ಒಳ್ಳೆಯದು. ಕಾಫಿಯ ಹಣ ಗೆದ್ದವನೇ ಕೊಡಲಿ!