ಹಳೆಯ ನೌಕೆಗೆ ಹೊಸ ಬಣ್ಣ

ಹಳೆಯ ವಸ್ತುವನ್ನು ದುರಸ್ತಿ ಮಾಡುವವನಿಗೆ ಎರಡು ಭಯಗಳುಂಟು. ಮುಟ್ಟದೆ ಬಿಟ್ಟರೆ ಹಾಳಾದೀತೆಂಬುದು ಒಂದು. ಮುಟ್ಟಿದರೆ ಬೇರೆಯೇ ಆಗಿಬಿಟ್ಟೀತೆಂಬುದು ಇನ್ನೊಂದು. ಈ ಮಾತನ್ನು ಬೇಲೂರಿನ ಗುಡಿಯ ಮುಂದೆ ನಿಂತು ಕಲಿತೆನೆಂದರೆ ವಾಚಕರು ಸುಲಭವಾಗಿ ನಂಬಿಯಾರು. ನಾನು ಅದನ್ನು ಮೊದಲು ಕಲಿತುದಾದರೋ ಅರಸೀಕೆರೆಯಲ್ಲಿ, ನನ್ನ ಸೋದರಮಾವನ ಟಿ.ವಿ. ರಿಪೇರಿ ಅಂಗಡಿಯಲ್ಲಿ, ಅಮೆರಿಕದ ಒಂದು ಆಕಾಶಯಾನದ ಕಥಾಮಾಲೆಯನ್ನು ನೋಡುತ್ತ.

ಆ ಕಥಾಮಾಲೆಯ ಹೆಸರು ‘ಸ್ಟಾರ್ ಟ್ರೆಕ್’. ಜೀನ್ ರಾಡನ್‌ಬೆರಿ ಎಂಬಾತನು ಕಲ್ಪಿಸಿದ ಇದು ಅಮೆರಿಕದ ಎನ್‌ಬಿಸಿ ಜಾಲದಲ್ಲಿ ೧೯೬೬ರ ಸೆಪ್ಟೆಂಬರ್ ೮ರಂದು ಆರಂಭವಾಗಿ ೧೯೬೯ರ ಜೂನ್ ತಿಂಗಳಲ್ಲಿ ಮುಗಿಯಿತು. ಒಟ್ಟು ೭೯ ಕಂತುಗಳು. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟುದು ಅದರ ಮರುತಿಂಗಳು. ಕಥೆ ನಡೆಯುವುದು ಎಂಟರ್‌ಪ್ರೈಸ್ ಎಂಬ ನೌಕೆಯಲ್ಲಿ. ಅದರ ನಾಯಕ ಕರ್ಕ್. ಅವನ ಜೊತೆಗಾರನು ಭಾವನೆಯನ್ನು ಅದುಮಿ ತರ್ಕವನ್ನೇ ನೆಚ್ಚಿದ, ಚೂಪುಗಿವಿಯ ಸ್ಪಾಕ್. ಅಮೆರಿಕದಲ್ಲಿ ಕರಿಯರು ಸಮಾನತೆಗಾಗಿ ಹೋರಾಡುತ್ತಿದ್ದ ಆ ವರ್ಷಗಳಲ್ಲಿ, ಉಹುರಾ ಎಂಬ ಕರಿಯ ಹೆಂಗಸು ಈ ನೌಕೆಯಲ್ಲಿ ಅಧಿಕಾರಿಯಾಗಿ ಕುಳಿತಿದ್ದಳು.

ಅವರ ಕೈಯಲ್ಲಿ ಹಣ ಹೆಚ್ಚಿರಲಿಲ್ಲ. ಆಕಾಶದಲ್ಲಿ ತೇಲುವಂತೆ ತೋರುವ ನೌಕೆ ಸುಮಾರು ೧೧ ಅಡಿ ಉದ್ದದ ಒಂದು ಮಾದರಿ. ಅದೀಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತು. ವಾರವಾರವೂ ನೌಕೆಯನ್ನು ಹೊಸ ನೆಲದ ಮೇಲೆ ಇಳಿಸುವ ದೃಶ್ಯಕ್ಕೆ ದುಡ್ಡು ಸಾಲದೆಂದು, ಮನುಷ್ಯರನ್ನು ಇಲ್ಲಿ ಮಿನುಗಾಗಿ ಕರಗಿಸಿ ಅಲ್ಲಿ ಮೂಡಿಸುವ ಯಂತ್ರವೊಂದನ್ನು ಕಲ್ಪಿಸಿದರು. ಆ ಮಿನುಗಾದರೂ ಬೆಳಕಿನಲ್ಲಿ ಉದುರುವ ಅಲ್ಯೂಮಿನಿಯಂ ಪುಡಿ. ವೈದ್ಯನ ಕೈಯ ಉಪಕರಣಗಳಲ್ಲಿ ಕೆಲವು ಊಟದ ಮೇಜಿನ ಉಪ್ಪುದಾನಿಗಳು! ಬಡತನವು ಜಾಣತನವನ್ನು ಹೇಗೆ ಹೆರುತ್ತದೆಂಬುದನ್ನು ನಮ್ಮಂಥವರ ಮನೆಗಳಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಇಂಥ ಕಥೆ ನಮ್ಮ ಕೊಬ್ಬರಿ ಮಂಡಿಯ ಊರಿಗೆ ಬಂದ ದಾರಿ ಕಥೆಗಿಂತಲೂ ಸೋಜಿಗವಾದುದು. ಪ್ರೇಕ್ಷಕರು ಬರೆದ ಸಾವಿರಾರು ಪತ್ರಗಳ ಫಲವಾಗಿ ಅಮೆರಿಕದವರು ೧೯೭೬ರಲ್ಲಿ ತಮ್ಮ ಮೊದಲ ಪರೀಕ್ಷಾ ಬಾಹ್ಯಾಕಾಶ ಷಟ್ಲಿಗೆ ಎಂಟರ್‌ಪ್ರೈಸ್ ಎಂದು ಹೆಸರಿಟ್ಟರು. ಅದರ ಸೋದರನೌಕೆಯಾದ ಚಾಲೆಂಜರ್ ೧೯೮೩ರ ಆಗಸ್ಟ್ ೩೦ರಂದು ನಮ್ಮ ಇನ್ಸಾಟ್-೧ಬಿ ಉಪಗ್ರಹವನ್ನು ಹೊತ್ತು ಮೇಲೇರಿತು. ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ನಿಂತ ಆ ಉಪಗ್ರಹವು ದೂರದರ್ಶನದ ಕಾರ್ಯಕ್ರಮಗಳನ್ನು ನಾಡಿನ ಊರೂರ ಪ್ರಸಾರ ಕೇಂದ್ರಗಳಿಗೆ ಮುಟ್ಟಿಸಿತು. ಅದನ್ನು ಹತೋಟಿಯಲ್ಲಿಟ್ಟದ್ದು ಎಲ್ಲಿಂದ ಬಲ್ಲಿರಾ? ನಮ್ಮ ಹಾಸನದಿಂದಲೇ, ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರದಿಂದ. ಆ ದಶಕದಲ್ಲಿಯೇ ದೂರದರ್ಶನವು ‘ಸ್ಟಾರ್ ಟ್ರೆಕ್’ ಅನ್ನು ತೋರಿಸಿತು. ನಕ್ಷತ್ರಗಳ ಕಥೆಯನ್ನು ಕಣ್ಣರಳಿಸಿ ನೋಡಿದ ನಮ್ಮ ಹಿರಿಯರಿಗೆ, ಅದನ್ನು ತರುತ್ತಿದ್ದ ಉಪಗ್ರಹದ ಲಗಾಮು ನೆರೆಯೂರಿನಲ್ಲಿಯೇ ಇತ್ತೆಂಬುದು ಹೊಳೆದಿತ್ತೋ ಇಲ್ಲವೋ!

ಮಾವನಿಗೆ ಆಗ ಹದಿನೆಂಟು ವರ್ಷ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ, ಮದುವೆ ಮನೆಗಳಿಗೆ ವಿಸಿಆರ್ ಬಾಡಿಗೆ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಒಂದು ದಿನ ಯಜಮಾನನ ಅಪ್ಪಣೆ ಪಡೆದು ಒಂದು ಕಂತನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಇಂಗ್ಲಿಷು ಅರ್ಧವೂ ತಿಳಿಯದು. ತಿಳಿಯದ ಮಾತುಗಳನ್ನು ಮತ್ತೆ ಮತ್ತೆ ತಿರುಗಿಸಿ ಕೇಳಿ ಪುಸ್ತಕದಲ್ಲಿ ಕನ್ನಡಾಕ್ಷರದಲ್ಲಿ ಬರೆದಿಟ್ಟರು. ಆ ಪುಸ್ತಕ ಇಂದಿಗೂ ಇದೆ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಆದರೆ ಇಂಗ್ಲಿಷನ್ನು ಮೊದಲು ಬೆನ್ನಟ್ಟಿದವರು ಅವರು.

ಕಳೆದ ವರ್ಷ, ದುರಸ್ತಿಗೆಂದು ಬಂದು ವಾರಸುದಾರರಿಲ್ಲದೆ ಉಳಿದ ಬ್ಲೂ-ರೇ ಯಂತ್ರವೊಂದನ್ನು ಮಾವ ಸರಿಪಡಿಸಿದರು. ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನನಗೆ ‘ಸ್ಟಾರ್ ಟ್ರೆಕ್’ನ ತಟ್ಟೆಗಳು ಸಿಕ್ಕಿದವು. ಇಬ್ಬರೂ ಕುಳಿತು ನೋಡಿದೆವು. ಚಿತ್ರದ ನಿಚ್ಚಳತೆಗೆ ಬೆರಗಾದೆವು. ಇದರ ಕಾರಣ ಸರಳವಾದುದು. ಕ್ಯಾಸೆಟ್ಟಿನೊಳಗಿರುವುದು ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದಕ್ಕೆ ಬಳಿದ ಕಾಂತೀಯ ಪುಡಿಯಲ್ಲಿ ಸುಮಾರು ೨೪೦ ಗೆರೆಗಳಷ್ಟು ವಿವರ ಮಾತ್ರ ನಿಲ್ಲುತ್ತದೆ. ಬ್ಲೂ-ರೇ ತಟ್ಟೆಯಲ್ಲಿ ೧೦೮೦ ಗೆರೆಗಳು. ಮೂಲವನ್ನು ೩೫ ಮಿಲಿಮೀಟರ್ ಫಿಲ್ಮಿನ ಮೇಲೆ ಚಿತ್ರಿಸಿ ಅದನ್ನು ಕಾದಿರಿಸಿದ್ದರಿಂದ, ಅಂದಿನ ಟಿ.ವಿ. ತೋರಿಸಲಾರದೆ ಹೋದ ವಿವರವೂ ಇಂದು ಕಾಣುತ್ತದೆ.

ಅಷ್ಟರಲ್ಲಿ ನೌಕೆ ಒಂದು ಗ್ರಹವನ್ನು ಸುತ್ತುವ ದೃಶ್ಯ ಬಂತು. ಮಾವ ಮುಂದಕ್ಕೆ ಬಾಗಿ, “ಇದೇನೋ ಇದು? ನಮ್ಮ ಹಡಗು ಹಿಂಗಿರಲಿಲ್ಲ ಕಣೋ!” ಎಂದರು.

ಅವರ ಮಾತು ನಿಜವಾಗಿತ್ತು. ೨೦೦೬ರಲ್ಲಿ, ಕಥಾಮಾಲೆಗೆ ನಾಲ್ವತ್ತು ತುಂಬಿದಾಗ, ಅದರ ಒಡೆಯರು ಫಿಲ್ಮನ್ನು ತೊಳೆದು ಶುಚಿಗೊಳಿಸಿದ್ದಲ್ಲದೆ, ನೌಕೆಯ ಮತ್ತು ಗ್ರಹಗಳ ಹಳೆಯ ದೃಶ್ಯಗಳನ್ನು ತೆಗೆದು ಗಣಕಯಂತ್ರದಿಂದ ರಚಿಸಿದ ಹೊಸ ದೃಶ್ಯಗಳನ್ನು ಕೂಡಿಸಿದರು. ಶುಚಿಗೊಳಿಸುವುದು ಬೇರೆ, ಬದಲಿಸುವುದು ಬೇರೆ. ಎರಡನ್ನೂ ಜನ ಒಂದೇ ಹೆಸರಿನಿಂದ ಕರೆಯುವುದೇ ಗೊಂದಲಕ್ಕೆ ಮೂಲ. ಆದರೆ ೨೦೦೯ರಿಂದ ಬಂದ ಬ್ಲೂ-ರೇ ತಟ್ಟೆಗಳಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಗುಂಡಿಯೊಂದನ್ನು ಒತ್ತಿದರೆ ಹಳೆಯ ದೃಶ್ಯ, ಮತ್ತೆ ಒತ್ತಿದರೆ ಹೊಸದು. ಮಾವ ಒತ್ತಿದರು. ಅವರ ಹಡಗು ಮರಳಿ ಬಂತು, ಅಂಚಿನ ಮಸುಕು ಸಮೇತವಾಗಿ.

ಮೂಲವನ್ನು ಕೈಬಿಟ್ಟರೆ ಏನಾಗುತ್ತದೆಂಬುದಕ್ಕೂ ಇದೇ ಕಥಾಮಾಲೆಯಲ್ಲಿ ನಿದರ್ಶನವಿದೆ. ‘ದಿ ಕೇಜ್’ ಎಂಬ ಮೊತ್ತಮೊದಲ ಪರೀಕ್ಷಾರ್ಥ ಕಂತನ್ನು ಎನ್‌ಬಿಸಿಯವರು ಒಪ್ಪಲಿಲ್ಲ. ಅದರ ಫಿಲ್ಮನ್ನು ಕತ್ತರಿಸಿ ೧೯೬೬ರ ಬೇರೊಂದು ಕಥೆಯೊಳಗೆ ಸೇರಿಸಿದರು. ೧೯೮೬ರಲ್ಲಿ ಅದನ್ನು ಕ್ಯಾಸೆಟ್ಟಾಗಿ ಹೊರತಂದಾಗ, ಸಿಕ್ಕಿದ ಭಾಗವನ್ನು ಬಣ್ಣದಲ್ಲಿಯೂ ಸಿಗದ ಭಾಗವನ್ನು ಉಳಿದಿದ್ದ ಕಪ್ಪುಬಿಳುಪು ಪ್ರತಿಯಿಂದಲೂ ತುಂಬಬೇಕಾಯಿತು. ಅನಂತರ ಬಣ್ಣದ ತುಣುಕುಗಳು ದೊರೆತು, ೧೯೮೮ರಲ್ಲಿ ಪೂರ್ತಿ ಬಣ್ಣದ ಕಂತು ಪ್ರಸಾರವಾಯಿತು. ಯಾರೋ ಎಸೆಯದೆ ಇಟ್ಟದ್ದರಿಂದ ಕಥೆ ಉಳಿಯಿತು.

ಇದಾದ ಕೆಲವು ದಿನಗಳಿಗೆ ನಮ್ಮ ತರಗತಿಯವರು ಬೇಲೂರು-ಹಳೇಬೀಡಿಗೆ ಹೋಗಿದ್ದೆವು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯನ್ನು ನಾನು ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೆನೋ! ಈ ಸಲ ನೋಡಿದ ಕಣ್ಣು ಬೇರೆ. ಅದರ ನವರಂಗ ಮೊದಲಿಗೆ ತೆರೆದ ಮಂಟಪವಾಗಿತ್ತು. ಇಂದು ನಾವು ಮೆಚ್ಚುವ ಜಾಲಂಧ್ರಗಳು ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಸೇರಿದುವು. ಗರ್ಭಗುಡಿಯ ಮೇಲಿದ್ದ ಗೋಪುರವನ್ನು, ಅದರ ಭಾರದಿಂದ ಕಟ್ಟಡಕ್ಕೆ ಅಪಾಯವೆಂದು, ೧೮೭೯ರಲ್ಲಿ ಕಳಚಿದರು. ಗುಡಿ ಉಳಿಯಿತು, ಗೋಪುರ ಹೋಯಿತು. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಇಂದು ಶಿಖರವಿಲ್ಲ. ೨೦೨೩ರಲ್ಲಿ ಸೋಮನಾಥಪುರದೊಡನೆ ಈ ಎರಡೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹಿಗ್ಗಿದೆವು. ಕಾಲವೂ ಮನುಷ್ಯರೂ ತಿದ್ದಿದ ರೂಪದಲ್ಲಿಯೇ ಅವು ಸೇರಿದುದು. ಕಲ್ಲಿಗೆ ಗುಂಡಿಯಿಲ್ಲ. ಜಾಲಂಧ್ರವನ್ನು ಮರೆಮಾಡಿ ತೆರೆದ ಮಂಟಪವನ್ನು, ಅನಂತರ ಮತ್ತೆ ಜಾಲಂಧ್ರವನ್ನು ನೋಡುವ ಭಾಗ್ಯ ನಮಗಿಲ್ಲ. ಚಿತ್ರದ ತಟ್ಟೆಗೆ ಆ ಭಾಗ್ಯವಿದೆ. ಇದ್ದೂ ಮೂಲವನ್ನು ಎಸೆಯುವವನಿಗೆ ಕ್ಷಮೆಯಿಲ್ಲವೆಂದು ನನಗೆ ತೋರುತ್ತದೆ.

ಮಾವನ ಕಸುಬಿನಲ್ಲಿ ಒಂದು ಪದ್ಧತಿಯುಂಟು. ಯಾವ ಯಂತ್ರದ ಯಾವ ಭಾಗವನ್ನು ಬದಲಿಸಿದರೂ, ತೆಗೆದ ಭಾಗವನ್ನು ಕಾಗದದಲ್ಲಿ ಕಟ್ಟಿ ಒಡೆಯನ ಕೈಗೆ ಕೊಡುವರು. ಮುಚ್ಚಳದ ಒಳಗಡೆ ಬದಲಿಸಿದ ತಾರೀಖನ್ನು ಬರೆಯುವರು. ಮುಂದೆ ಬಿಚ್ಚುವವನಿಗೆ ಯಾವುದು ಮೂಲದ್ದು, ಯಾವುದು ಆಮೇಲಿನದು ಎಂದು ತಿಳಿಯಲೆಂದು. ದೊಡ್ಡ ದೊಡ್ಡ ಸಂಸ್ಥೆಗಳಿಗೂ ಇದಕ್ಕಿಂತ ಒಳ್ಳೆಯ ನಿಯಮವನ್ನು ನಾನು ಹೇಳಲಾರೆ.

ಇನ್ನು ಉಳಿದದ್ದು ಅವರ ಹಳೆಯ ಕ್ಯಾಸೆಟ್ಟು. “ಹೊಸದೇ ಬಂತಲ್ಲ, ಅದನ್ನು ಬಿಸಾಕು” ಎಂದರು. ನನಗೆ ಮನಸ್ಸು ಬರಲಿಲ್ಲ. ಪಟ್ಟಿಗೆ ಬೂಷ್ಟು ಹಿಡಿದಿತ್ತು. ಮೆಲ್ಲಗೆ ಒರೆಸಿ, ವಿಸಿಆರಿನಿಂದ ಕಂಪ್ಯೂಟರಿಗೆ ಇಳಿಸಿದೆವು. ಮೊದಲ ಹನ್ನೊಂದು ನಿಮಿಷ ಬರಿಯ ಚುಕ್ಕೆಗಳು. ಆಮೇಲೆ ಚಿತ್ರ, ನಡುವೆ, ಅಡಚಣೆಗಾಗಿ ವಿಷಾದಿಸುವ ದೂರದರ್ಶನದ ಫಲಕ. ನೌಕೆ ಎಲ್ಲೋ ನಕ್ಷತ್ರಗಳ ನಡುವೆ ನಿಂತೇಬಿಟ್ಟಿತು. ಅದನ್ನು ಕಂಡು ಮಾವ ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಹಾಲಿವುಡ್ಡಿನ ಯಾವ ಭಂಡಾರದಲ್ಲಿಯೂ ಈ ಪ್ರತಿ ಇರಲಾರದು. ಅರಸೀಕೆರೆಯ ಹುಡುಗನೊಬ್ಬನು ಒಂದು ದಿನ ಕಂಡದ್ದು ಹೀಗೆಯೇ.

ಈ ಲೇಖನವನ್ನು ಅವರಿಗೆ ಓದಿ ಹೇಳಿದೆ. ತಲೆದೂಗಿ, ಕ್ಯಾಸೆಟ್ಟನ್ನು ನನ್ನ ಮುಂದಿಟ್ಟು ಹೇಳಿದರು: “ಕಂಪ್ಯೂಟರಿಗೆ ಇಳಿಸಿದ ತಾರೀಖನ್ನು ಇದರ ಮೇಲೆ ಬರಿ. ಹಳೇ ಚೀಟಿ ಮಾತ್ರ ಕೀಳಬೇಡ.”

ಹಾಗೆಯೇ ಮಾಡಿದ್ದೇನೆ.