ಹಾಸಿಗೆ ಎಣಿಸಿ ಕಾಲೇಜು ಆರಿಸಿ

ನೀಟ್ ಫಲಿತಾಂಶ ಬಂದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಸ್ ನಿಲ್ದಾಣಗಳ ಸುತ್ತಲಿನ ಸೈಬರ್ ಕೇಂದ್ರಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರ, ಪಕ್ಕದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟ ಮಗಳು. ಕಂಪ್ಯೂಟರ್ ಮುಂದಿನ ಹುಡುಗ ತಲೆ ಎತ್ತದೆ ಕೇಳುತ್ತಾನೆ: ‘ಮೊದಲ ಯಾವ ಕಾಲೇಜ್ ಹಾಕ್ಲಿರಿ ಕಾಕಾ?’

‘ನಿನಗ ತಿಳದದ್ದು ಹಾಕಪಾ. ಒಟ್ಟ ಡಾಕ್ಟರ್ ಆದ್ರ ಸಾಕು.’

ಈ ಎರಡು ಮಾತಿನಲ್ಲಿ ಮಗಳ ಐದೂವರೆ ವರ್ಷ ತೀರ್ಮಾನವಾಗಿಬಿಡುತ್ತದೆ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವ, ಬಾಲ ಎತ್ತಿ ನೋಡುವ, ನಾಲ್ಕು ಹೆಜ್ಜೆ ನಡೆಸಿ ನೋಡುವ ನಮ್ಮ ರೈತ, ಮಗಳ ಕಾಲೇಜಿನ ವಿಷಯಕ್ಕೆ ಬಂದಾಗ ಅದರ ಬಾಗಿಲನ್ನೂ ನೋಡದೆ ಹೂಂ ಅನ್ನುತ್ತಾನೆ.

ಎಂ.ಬಿ.ಬಿ.ಎಸ್. ಸಿಗುವಷ್ಟು ಅಂಕ ಬಂದವರ ಚಿಂತೆ ಬೇರೆ. ಇಲ್ಲಿ ಮಾತು ಅಷ್ಟು ಅಂಕ ಬಾರದ, ಆದರೆ ಅರ್ಹತೆ ಪಡೆದ ದೊಡ್ಡ ಗುಂಪಿನದು. 720 ಅಂಕಗಳ ಪರೀಕ್ಷೆಯಲ್ಲಿ ನಡುವೆ ಎಲ್ಲೋ ನಿಂತವರಿಗೆ ತೆರೆದಿರುವ ದಾರಿಗಳಲ್ಲಿ ಮುಖ್ಯವಾದವು ಆಯುರ್ವೇದದ ಬಿ.ಎ.ಎಂ.ಎಸ್. ಮತ್ತು ಹೋಮಿಯೋಪಥಿಯ ಬಿ.ಎಚ್.ಎಂ.ಎಸ್. ಎರಡೂ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎರಡಕ್ಕೂ ನೀಟ್ ಅರ್ಹತೆ ಬೇಕೇ ಬೇಕು. ಯುನಾನಿಯೂ ಇದೆ, ಆದರೆ ಹತ್ತನೆಯ ತರಗತಿಯವರೆಗೆ ಉರ್ದು, ಅರಬ್ಬಿ ಅಥವಾ ಪರ್ಷಿಯನ್ ಓದದ ಮಕ್ಕಳಿಗೆ ಅದು ನೇರ ದಾರಿಯಲ್ಲ.

ಭೀಮೆಯ ಆಚೆ ದಂಡೆ, ಈಚೆ ದಂಡೆ

ವಿಜಯಪುರ ಜಿಲ್ಲೆಗೆ ವೈದ್ಯಕೀಯ ಶಿಕ್ಷಣ ಹೊಸದಲ್ಲ. ಅಲ್–ಅಮೀನ್ ವೈದ್ಯಕೀಯ ಕಾಲೇಜು 1984ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾದವು. ಆದರೆ ಎರಡೂ ಖಾಸಗಿ. ಎರಡನೆಯದು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಅಡಿಗೆ ಬಂದ ಮೇಲೆ ಅಲ್ಲಿನ ಎಂ.ಬಿ.ಬಿ.ಎಸ್. ಸೀಟು ಅಖಿಲ ಭಾರತ ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುತ್ತದೆ. ಸರ್ಕಾರಿ ಕಾಲೇಜೇ ಬೇಕು, ಖಾಸಗಿ ಸಹಭಾಗಿತ್ವ ಬೇಡ ಎಂದು 2025ರಲ್ಲಿ ಜಿಲ್ಲಾ ಕೇಂದ್ರದಲ್ಲಿ ನಡೆದ ದೀರ್ಘ ಧರಣಿಯ ಹಿಂದೆ ಇದ್ದದ್ದು ಈ ನೋವೇ.

ಇನ್ನೊಂದು ಸಂಗತಿ ಅನೇಕ ಪಾಲಕರಿಗೆ ಗೊತ್ತಿಲ್ಲ. ಸಿಂದಗಿ, ಇಂಡಿ ಕಡೆಯವರು ಭೀಮಾ ನದಿ ದಾಟಿದರೆ ಅಫಜಲಪುರ ತಾಲ್ಲೂಕು. ಅದೇ ಮಾತು, ಅದೇ ಜೋಳದ ರೊಟ್ಟಿ, ಅದೇ ಬೀಗತನ. ಆದರೆ ಆಚೆ ದಂಡೆ ಹಿಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು, ಈಚೆ ದಂಡೆ ಮುಂಬೈ ಪ್ರಾಂತಕ್ಕೆ. ಆ ಹಳೆಯ ಗೆರೆ ಇಂದಿಗೂ ಸೀಟು ಹಂಚುತ್ತದೆ! ಸಂವಿಧಾನದ 371ಜೆ ವಿಧಿಯಂತೆ 2013ರಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಪಾಲಿನ ಸೀಟುಗಳಲ್ಲಿ ಶೇ 70 ಅಲ್ಲಿನ ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಭಾಗದಲ್ಲೂ ಅವರಿಗೆ ಶೇ 8 ಇದೆ. ವಿಜಯಪುರ ಜಿಲ್ಲೆ ಈ ವಿಧಿಯ ವ್ಯಾಪ್ತಿಯಲ್ಲಿಲ್ಲ.

ಇದರ ಪರಿಣಾಮ ಆಯುರ್ವೇದಕ್ಕೂ ತಟ್ಟುತ್ತದೆ. ಸರ್ಕಾರಿ ಆಯುರ್ವೇದ ಕಾಲೇಜುಗಳಿರುವುದು ಬೆಂಗಳೂರು, ಮೈಸೂರು, ಶಿವಮೊಗ್ಗ ಮತ್ತು ಬಳ್ಳಾರಿಯಲ್ಲಿ. ಮೈಸೂರಿನದು 1908ರಷ್ಟು ಹಳೆಯದು. ನಮ್ಮ ಕಡೆಗೆ ಹತ್ತಿರದ್ದು ಪಂಡಿತ ತಾರಾನಾಥರ ಹೆಸರಿನ ಬಳ್ಳಾರಿಯ ಕಾಲೇಜು. ಆದರೆ ಬಳ್ಳಾರಿ ಕಲ್ಯಾಣ ಕರ್ನಾಟಕದಲ್ಲಿದೆ. ಮುದ್ದೇಬಿಹಾಳದ ಹುಡುಗನಿಗೆ ಬಸ್ಸಿನ ಲೆಕ್ಕದಲ್ಲಿ ಹತ್ತಿರವಾದ ಕಾಲೇಜು ಸೀಟಿನ ಲೆಕ್ಕದಲ್ಲಿ ದೂರ. ಪಕ್ಕದ ಲಿಂಗಸುಗೂರಿನಲ್ಲಿ ಅಷ್ಟೇ ಅಂಕ ಪಡೆದ ಗೆಳೆಯನಿಗೆ ಸೀಟು ಸಿಕ್ಕಿತೆಂದು ಮಗನನ್ನು ಬೈಯುವ ತಂದೆ ಇದನ್ನು ತಿಳಿದಿರಬೇಕು. ಅದು ಮಗನ ತಪ್ಪಲ್ಲ.

ಕಾಗದದ ಮಾತು

ನಮ್ಮ ಮಕ್ಕಳಿಗೆ ನಿಜವಾಗಿ ನೆರವಾಗುವವು ಎರಡು: ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಕ್ರಮವಾಗಿ ಶೇ 15 ಮತ್ತು ಶೇ 5. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷದ ಓದು ಲೆಕ್ಕಕ್ಕೆ ಬರುತ್ತದೆ. ಎಡವುವುದು ಇಲ್ಲಿಯೇ. ಈ ನಾಲ್ಕೂ ತಾಲ್ಲೂಕು ಕೇಂದ್ರಗಳು ಪಟ್ಟಣಗಳು, ಹಳ್ಳಿಗಳಲ್ಲ. ಊರಲ್ಲಿ ಏಳನೆಯವರೆಗೆ ಓದಿ, ‘ಚಲೋ ಸಾಲಿ’ ಎಂದು ಎಂಟನೆಯ ತರಗತಿಗೆ ಪಟ್ಟಣದ ಶಾಲೆಗೆ ಬಂದವರಿಗೆ ಗ್ರಾಮೀಣ ಮೀಸಲಾತಿ ಇಲ್ಲ, ಮನೆ ಇನ್ನೂ ಹಳ್ಳಿಯಲ್ಲೇ ಇದ್ದರೂ ಸಹ. ಅರ್ಹರಾದವರು ಶಾಲಾ ಮುಖ್ಯೋಪಾಧ್ಯಾಯರ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಿ, ಫಲಿತಾಂಶಕ್ಕೆ ಮುಂಚೆಯೇ ಇಟ್ಟುಕೊಳ್ಳುವುದು ಕ್ಷೇಮ. ಫಲಿತಾಂಶ ಬಂದ ದಿನ ಕಚೇರಿಯ ಮುಂದಿನ ಸಾಲು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟು ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಬೇರೆ ನೋಂದಣಿ, ಬೇರೆ ದಾಖಲೆ ಪರಿಶೀಲನೆ. ಆಯುಷ್‌ನ ಶೇ 15 ಅಖಿಲ ಭಾರತ ಕೋಟಾಕ್ಕೆ ಮತ್ತೊಂದು ನೋಂದಣಿ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದಲ್ಲಿ ಓದಿದ ಕನ್ನಡ ಮಾತೃಭಾಷೆಯ ಮಕ್ಕಳಿಗೆ ನಮ್ಮ ರಾಜ್ಯದ ಪ್ರವೇಶ ನಿಯಮಗಳಲ್ಲಿ ಪ್ರತ್ಯೇಕ ಅರ್ಹತಾ ಕಲಮು ಉಂಟು. ಇಂಡಿ ಕಡೆಯವರು ಆ ಭಾಗದ ಬೀಗರಿಗೆ ತಿಳಿಸಬಹುದು.

ಹೆಸರಿನ ಹಿಂದೆ ‘ಡಾ’ ಬಂದರೆ ಮುಗಿಯಿತೇ?

‘ಆಯುರ್ವೇದ ಓದಿದರೂ ಇಂಜೆಕ್ಷನ್ ಕೊಡತಾರ್ರೀ, ಸಲೈನ್ ಹಚ್ಚತಾರ. ಎಲ್ಲಾ ಒಂದ’ — ಇದು ಹಳ್ಳಿ ಕಟ್ಟೆಯ ಮಾತು. ಇದೇ ನಂಬಿಕೆಯಿಂದ ಬಿ.ಎ.ಎಂ.ಎಸ್. ಸೇರುವವರ ಸಂಖ್ಯೆ ಸಣ್ಣದಲ್ಲ. ಕಾನೂನು ಹಾಗೆ ಹೇಳುವುದಿಲ್ಲ. ಹೋಮಿಯೋಪಥಿ ಓದಿದವರೊಬ್ಬರು ಅಲೋಪಥಿ ಔಷಧ ಕೊಟ್ಟ ಪ್ರಕರಣದಲ್ಲಿ, ತಾನು ಓದದ ಪದ್ಧತಿಯ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿತು. ಭಾರತೀಯ ಪದ್ಧತಿಯ ಪದವೀಧರರು ಆಧುನಿಕ ಔಷಧ ಬಳಸಬೇಕಾದರೆ ಆಯಾ ರಾಜ್ಯದ ಕಾನೂನಿನ ಅನುಮತಿ ಇರಬೇಕೆಂದು 1998ರಲ್ಲಿ ಹೇಳಿತು. 2020ರ ಅಧಿಸೂಚನೆಯ 58 ಶಸ್ತ್ರಚಿಕಿತ್ಸೆಗಳ ಸುದ್ದಿ ಕೇಳಿ ಹಿಗ್ಗಿದವರೂ ಉಂಟು. ಅವು ಶಲ್ಯ, ಶಾಲಾಕ್ಯ ವಿಷಯಗಳಲ್ಲಿ ಸ್ನಾತಕೋತ್ತರ ಓದುವವರಿಗೆ ಸಂಬಂಧಿಸಿದವು, ಬಿ.ಎ.ಎಂ.ಎಸ್. ಮುಗಿಸಿದ ಎಲ್ಲರಿಗೂ ಅಲ್ಲ. ದವಾಖಾನೆ ತೆರೆಯಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿಯೂ ಆಗಬೇಕು.

ಅಮೆರಿಕದಲ್ಲಿ ನೆಂಟರಿರುವ ಮನೆಗಳಲ್ಲಿ ಇನ್ನೊಂದು ವಾದ ಕೇಳಿಬರುತ್ತದೆ. ಅಲ್ಲಿ ಆಸ್ಟಿಯೋಪಥಿ ಎಂಬ ಬೇರೆಯೇ ವೈದ್ಯ ಪದವಿ ಇದೆ, ಅವರು ಎಲ್ಲ ಚಿಕಿತ್ಸೆಯನ್ನೂ ಮಾಡುತ್ತಾರೆ, ಇಲ್ಲೇಕೆ ಆಗದು ಎಂದು. ಮೊದಲರ್ಧ ನಿಜ. ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯ 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಅದರ ಮೊದಲ ಶಾಲೆ ತೆರೆದ. ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವುದೇ ಅದರ ಮೂಲ. ಆದರೆ ಆ ಶಾಲೆಗಳು ದಶಕಗಳ ಕಾಲ ತಮ್ಮ ಪಾಠಕ್ರಮವನ್ನು ಬದಲಿಸುತ್ತ ಆಧುನಿಕ ವೈದ್ಯಕೀಯವನ್ನೆಲ್ಲ ಒಳಗೆ ತಂದುಕೊಂಡವು. ಒಂದೊಂದೇ ರಾಜ್ಯ ಸಮಾನ ಪರವಾನಗಿ ಕೊಟ್ಟಿತು. 2020ರ ಹೊತ್ತಿಗೆ ಎರಡೂ ಪದವಿಗಳವರ ಸ್ನಾತಕೋತ್ತರ ತರಬೇತಿ ಒಂದೇ ವ್ಯವಸ್ಥೆಯಡಿ ಬಂತು. ಶಾಲೆ ಆರಂಭವಾಗಿ ನೂರಿಪ್ಪತ್ತೆಂಟು ವರ್ಷದ ಮೇಲೆ! ನಮ್ಮಲ್ಲಿ ಆಯುರ್ವೇದವನ್ನು ಬೇರೆಯೇ ಶಾಸ್ತ್ರವಾಗಿ ಉಳಿಸಿಕೊಂಡಿದ್ದೇವೆ. 2020ರ ಕಾಯ್ದೆಯಂತೆ ಅದಕ್ಕೆ ಬೇರೆಯೇ ರಾಷ್ಟ್ರೀಯ ಆಯೋಗವಿದೆ. ಆದ್ದರಿಂದ ಹೋಲಿಕೆ ಕೂಡುವುದಿಲ್ಲ. ಅಂದಹಾಗೆ, ಆಸ್ಟಿಯೋಪಥಿ ಹೆಸರಿನಲ್ಲಿ ನಮ್ಮ ದೇಶದಲ್ಲಿ ಮಾರುವ ಆರು ತಿಂಗಳ ಸರ್ಟಿಫಿಕೇಟುಗಳಿಂದ ಯಾರೂ ವೈದ್ಯರಾಗುವುದಿಲ್ಲ.

ಇಷ್ಟು ತಿಳಿದ ಮೇಲೂ ‘ಆಯುರ್ವೇದವನ್ನೇ ಓದುತ್ತೇನೆ’ ಎನ್ನುವ ಮಗು ಸಿಕ್ಕರೆ ಅದು ಒಳ್ಳೆಯ ವಿದ್ಯಾರ್ಥಿ. ಮೊದಲ ಹಂತದಲ್ಲೇ ಸಂಸ್ಕೃತ ಬರುತ್ತದೆ. ಕನ್ನಡ ಮಾಧ್ಯಮದವರು ಹೆದರಬೇಕಿಲ್ಲ, ವಾತ, ಪಿತ್ತ, ಕಫ, ಅಜೀರ್ಣ, ಅತಿಸಾರ ಇವೆಲ್ಲ ನಮಗೆ ಮನೆಮಾತು. ಹೆದರಬೇಕಾದದ್ದು ಇಂಗ್ಲಿಷಿಗೆ, ಅದಕ್ಕೆ ಪಿಯುಸಿ ರಜೆಯಲ್ಲೇ ತಯಾರಿ ಬೇಕು. ಶವ ಛೇದನವೂ ಇರುತ್ತದೆ. ಹೋಮಿಯೋಪಥಿಯಲ್ಲಿ ನೆನಪಿನ ಶಕ್ತಿಗೆ ಹೆಚ್ಚು ಕೆಲಸ, ರೋಗಿಯೊಂದಿಗೆ ತಾಸುಗಟ್ಟಲೆ ಮಾತಾಡುವ ತಾಳ್ಮೆ ಬೇಕು. ಅದರ ಔಷಧಗಳ ಪರಿಣಾಮದ ಬಗ್ಗೆ ವಿಜ್ಞಾನಿಗಳಲ್ಲಿ ಗಂಭೀರ ಆಕ್ಷೇಪಗಳಿವೆ ಎಂಬುದನ್ನು ವಿಜ್ಞಾನ ಓದಿದ ಮಗುವಿನಿಂದ ಮುಚ್ಚಿಡುವುದು ಸರಿಯಲ್ಲ.

ಕಟ್ಟಡವಲ್ಲ, ಹಾಸಿಗೆ

ಈಗ ಕಾಲೇಜಿನ ಮಾತು. ಕಾಲೇಜಿನ ಜಾಹೀರಾತಿನಲ್ಲಿ ಕಟ್ಟಡ, ಕಾರಂಜಿ, ಬಸ್ಸು ಎಲ್ಲ ಕಾಣುತ್ತವೆ. ಕಾಣದಿರುವುದು ರೋಗಿ. ವೈದ್ಯ ವಿದ್ಯೆ ಕಲಿಸುವುದು ಅವನೇ.

2016ರ ಕನಿಷ್ಠ ಮಾನದಂಡ ನಿಯಮಾವಳಿ 60 ಸೀಟುಗಳ ಆಯುರ್ವೇದ ಕಾಲೇಜಿಗೆ 60 ಹಾಸಿಗೆಗಳ ಆಸ್ಪತ್ರೆ, ದಿನಕ್ಕೆ ಸರಾಸರಿ 120 ಹೊರರೋಗಿಗಳು, ಹಾಸಿಗೆಗಳಲ್ಲಿ ಶೇ 40 ಭರ್ತಿ ಇರಬೇಕೆಂದಿತು. ಇದನ್ನು ಮನೆಯಲ್ಲೇ ಲೆಕ್ಕ ಮಾಡಿ ನೋಡಿ. 60ರಲ್ಲಿ ಶೇ 40 ಎಂದರೆ 24 ಒಳರೋಗಿಗಳು. ಇಂಟರ್ನ್‌ಗಳು 60. ಐದು ಮಂದಿ ಇಂಟರ್ನ್‌ಗಳಿಗೆ ಇಬ್ಬರು ರೋಗಿಗಳು! ಹೊರರೋಗಿಗಳನ್ನು ಏಳೆಂಟು ವಿಭಾಗಗಳಿಗೆ ಹಂಚಿದರೆ ಒಂದೊಂದು ವಿಭಾಗಕ್ಕೆ ಹದಿನೈದು, ಹದಿನೇಳು. ಇದು ನಿಯಮ ಪಾಲಿಸಿದ ಕಾಲೇಜಿನ ಕನಿಷ್ಠ ಚಿತ್ರ. ಇದಕ್ಕಿಂತ ಕಡಿಮೆ ಇದ್ದರೆ ಮಗು ನಾಡಿ ಹಿಡಿಯುವುದನ್ನು ಗೆಳೆಯನ ಕೈಯಲ್ಲೇ ಕಲಿಯಬೇಕಾದೀತು.

ಹಾಗಾಗಿ ಪಟ್ಟಿ ತುಂಬುವ ಮೊದಲು ಮೂರು ನಾಲ್ಕು ಕಾಲೇಜುಗಳಿಗೆ ಹೋಗಿಬನ್ನಿ. ವಿಜಯಪುರದಲ್ಲೇ ಬಿ.ಎಲ್.ಡಿ.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯವಿದೆ, ಗದಗ, ಹುಬ್ಬಳ್ಳಿಗಳಲ್ಲಿವೆ, ಬೆಳಗಾವಿಯ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ 1933ರದ್ದು. ಎಲ್ಲಿಗೇ ಹೋದರೂ ಪ್ರವೇಶ ವಿಭಾಗಕ್ಕೆ ಹೋಗಬೇಡಿ. ಅಲ್ಲಿ ಚಹಾ ಸಿಗುತ್ತದೆ, ಸತ್ಯ ಸಿಗುವುದಿಲ್ಲ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹತ್ತಕ್ಕೆ ನೇರವಾಗಿ ಆಸ್ಪತ್ರೆಯ ಚೀಟಿ ಮಾಡಿಸುವ ಕಿಟಕಿಯ ಬಳಿ ನಿಲ್ಲಿ. ನಿಮ್ಮ ಮಂಡಿನೋವಿಗೇ ಒಂದು ಚೀಟಿ ಮಾಡಿಸಿ. ಚೀಟಿಯ ಮೇಲೆ ಕ್ರಮಸಂಖ್ಯೆ ಇರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಮತ್ತೊಬ್ಬರ ಚೀಟಿ ನೋಡಿ. ನಡುವಿನ ವ್ಯತ್ಯಾಸವೇ ಆ ದಿನದ ಲೆಕ್ಕ. ಯಾವ ಜಾಹೀರಾತೂ ಇಷ್ಟು ನಿಖರವಾಗಿರುವುದಿಲ್ಲ.

ಬಳಿಕ ವಾರ್ಡಿನಲ್ಲಿ ಒಂದು ಸುತ್ತು ಬನ್ನಿ. ಹಾಸಿಗೆಯ ಮೇಲಿನ ಹೊದಿಕೆ ಹೊಸದಾಗಿ, ಮಡಿಕೆ ಬಿಚ್ಚದೆ ಇದ್ದರೆ ಅರ್ಥ ಮಾಡಿಕೊಳ್ಳಿ. ರೋಗಿಯ ಪಕ್ಕ ಬುತ್ತಿ ಗಂಟು, ಕೆಳಗೆ ಚಾಪೆ ಹಾಸಿದ ಸಂಬಂಧಿಕರು, ಕಿಟಕಿಗೆ ಒಣಹಾಕಿದ ಟವೆಲ್ಲು ಕಂಡರೆ ಆ ಆಸ್ಪತ್ರೆಗೆ ಜೀವವಿದೆ. ಪಂಚಕರ್ಮ ವಿಭಾಗದಲ್ಲಿ ಎಣ್ಣೆಯ ವಾಸನೆ ಇರಬೇಕು. ಮೂಲವ್ಯಾಧಿ, ಭಗಂದರಕ್ಕೆ ಕ್ಷಾರಸೂತ್ರ ಚಿಕಿತ್ಸೆ ವಾರಕ್ಕೆ ಎಷ್ಟು ನಡೆಯುತ್ತದೆ, ಹೆರಿಗೆ ಆಗುತ್ತದೆಯೇ ಎಂದು ದಾದಿಯರನ್ನು ಕೇಳಿ. ಔಷಧಿ ತೋಟದಲ್ಲಿ ಹೆಸರು ಫಲಕ ಮಾತ್ರ ಇದೆಯೋ ಗಿಡವೂ ಇದೆಯೋ ನೋಡಿ. ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಹಾಸ್ಟೆಲ್ ಮುಂದೆ ಅಂತಿಮ ಹಂತದ ನಾಲ್ಕು ವಿದ್ಯಾರ್ಥಿಗಳನ್ನು ಮಾತಾಡಿಸಿ. ಮಗಳು ಒಬ್ಬಳೇ ಮಾತಾಡಲಿ, ಅಪ್ಪ ದೂರ ನಿಲ್ಲಲಿ. ಹಿರಿಯರ ಎದುರು ಮಕ್ಕಳು ಎಲ್ಲವನ್ನೂ ಹೇಳುವುದಿಲ್ಲ. ಪಾಠ ನಿಯಮಿತವೇ, ಅಧ್ಯಾಪಕರು ದಿನವೂ ಬರುತ್ತಾರೆಯೇ ಅಥವಾ ತಪಾಸಣೆಯ ದಿನ ಮಾತ್ರವೇ, ಇಂಟರ್ನ್‌ಗಳಿಗೆ ಗೌರವಧನ ಕೈಗೆ ಸಿಗುತ್ತದೆಯೇ, ಪ್ರವೇಶದ ವೇಳೆ ಹೇಳದ ಶುಲ್ಕ ಆಮೇಲೆ ಬಂತೇ? ಹಾಜರಿ ಇಲ್ಲದಿದ್ದರೂ ನಡೆಯುತ್ತದೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಆ ಕಾಲೇಜನ್ನು ಪಟ್ಟಿಯಿಂದ ಹೊಡೆದುಹಾಕಿ. ಆ ವರ್ಷದ ಪ್ರವೇಶಕ್ಕೆ ರಾಷ್ಟ್ರೀಯ ಆಯೋಗದ ಅನುಮತಿ ಇದೆಯೇ, ಎಷ್ಟು ಸೀಟಿಗೆ ಎಂಬುದನ್ನು ಆಯೋಗದ ಪಟ್ಟಿಯಲ್ಲೇ ನೋಡಬೇಕು, ಬೋರ್ಡಿನ ಮೇಲಲ್ಲ.

ಇನ್ನೊಂದು ವರ್ಷ ಕುಳಿತು ನೀಟ್ ಬರೆಯಲೇ ಎಂಬ ಪ್ರಶ್ನೆಯೂ ಬರುತ್ತದೆ. ಎಂ.ಬಿ.ಬಿ.ಎಸ್. ಸೀಟು ಕೂದಲೆಳೆಯಲ್ಲಿ ತಪ್ಪಿದ್ದರೆ ಒಂದು ಸಲ ಪ್ರಯತ್ನಿಸಬಹುದು. ಮೂರನೆಯ, ನಾಲ್ಕನೆಯ ಸಲಕ್ಕೆ ಕೂಡಿಸುವುದು ಮಗುವಿನ ಆಸೆಗಿಂತ ಹೆಚ್ಚಾಗಿ ಮನೆಯ ಹಟ. ಬಿ.ಎ.ಎಂ.ಎಸ್. ಸೇರಿಕೊಂಡೇ ಗುಟ್ಟಾಗಿ ನೀಟ್‌ಗೆ ಓದುವವರು ಎರಡೂ ಕಡೆ ಸೋಲುವುದೇ ಹೆಚ್ಚು.

ಕೊನೆಗೆ ಮತ್ತೆ ಸೈಬರ್ ಕೇಂದ್ರಕ್ಕೆ. ‘ಮೇಲಿನ ಕಾಲೇಜು ಮೊದಲು ಹಾಕಿದರೆ ಕೆಳಗಿನದೂ ಹೋಗುತ್ತದೆ’ ಎಂಬ ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಹಾಗಲ್ಲ. ರ‍್ಯಾಂಕ್ ಪ್ರಕಾರ ನಿಮ್ಮ ಸರದಿ ಬಂದಾಗ ಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ. ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಮೈಸೂರು ಸಿಗಲಿಕ್ಕಿಲ್ಲ ಎನಿಸಿದರೂ ಅದನ್ನೇ ಮೇಲೆ ಬರೆದರೆ ನಷ್ಟವಿಲ್ಲ. ಹೋಗಲು ಇಷ್ಟವೇ ಇಲ್ಲದ ಕಾಲೇಜನ್ನು ಮಾತ್ರ ‘ಇರಲಿ’ ಎಂದು ಬರೆಯಬೇಡಿ, ಅದೇ ಸಿಕ್ಕೀತು. ಪಟ್ಟಿಯನ್ನು ಹಿಂದಿನ ರಾತ್ರಿ ಮನೆಯಲ್ಲಿ ಹಾಳೆಯ ಮೇಲೆ ಮಗುವೇ ಬರೆಯಲಿ. ಪಾಸ್‌ವರ್ಡ್ ಕೇಂದ್ರದ ಹುಡುಗನ ಬಳಿ ಉಳಿಯದಿರಲಿ, ಒ.ಟಿ.ಪಿ. ಬರುವ ಫೋನು ಊರಿಗೆ ಹೋದ ಮಾವನ ಕಿಸೆಯಲ್ಲಿ ಇಲ್ಲದಿರಲಿ. ಎಲ್ಲ ತುಂಬಿದ ಮೇಲೆ ಒಂದು ಪ್ರತಿ ಮುದ್ರಿಸಿಕೊಂಡು, ಬಸ್ ಹತ್ತುವ ಮೊದಲು ಮನೆಯ ಹಾಳೆಗೂ ಅದಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ಒಂದೊಂದೇ ಸಾಲು ಓದಿ ನೋಡಿ.