ಶಾಲೆಯಲ್ಲಿ ನಿಮಗೂ ಒಂದು ಕುರ್ಚಿಯಿದೆ

ನಿಮ್ಮ ಮಗು ಕಲಿಯುವ ಶಾಲೆಯೊಳಗೆ ನೀವು ಕೊನೆಯ ಬಾರಿ ಕಾಲಿಟ್ಟದ್ದು ಯಾವಾಗ? ಗೇಟಿನ ತನಕ ಹೋದದ್ದನ್ನು ಕೇಳುತ್ತಿಲ್ಲ. ತರಗತಿಯ ಬಾಗಿಲಲ್ಲಿ ನಿಂತು, ನಿಮ್ಮ ಮಗು ಎಷ್ಟನೇ ಸಾಲಿನಲ್ಲಿ ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ ಎಂದು ಕಣ್ಣಾರೆ ನೋಡಿದ್ದು ಯಾವಾಗ?

ಈ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳುವ ಅರ್ಹತೆ ನನಗೆ ಬಹಳ ದಿನ ಇರಲಿಲ್ಲ. ನನ್ನ ಮಗಳು ನಾಲ್ಕನೇ ತರಗತಿಗೆ ಬರುವವರೆಗೆ ನಾನು ಅವಳ ಶಾಲೆಗೆ ಹೋದದ್ದು ಎರಡೇ ಬಾರಿ. ದಾಖಲು ಮಾಡುವಾಗ ಒಮ್ಮೆ, ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಹಾಕಲು ಇನ್ನೊಮ್ಮೆ. ಮನೆಯವರು ಗಲ್ಫ್‌ನಲ್ಲಿದ್ದಾರೆ. ಶಾಲೆಯಿಂದ ಪೋಷಕರ ಸಭೆಯ ಚೀಟಿ ಬಂದಾಗಲೆಲ್ಲ ಮೈದುನನನ್ನು ಕಳುಹಿಸಿ ಸುಮ್ಮನಾಗುತ್ತಿದ್ದೆ. ಅವನು ಹೋಗಿ, ಸಹಿ ಹಾಕಿ, ಚಹಾ ಕುಡಿದು ಬರುತ್ತಿದ್ದ. ಏನು ಹೇಳಿದರು ಎಂದು ಕೇಳಿದರೆ, "ಏನಿಲ್ಲ, ಚೆನ್ನಾಗಿ ಕಲೀತಾಳಂತೆ" ಎನ್ನುತ್ತಿದ್ದ. ನನಗೂ ಅಷ್ಟೇ ಸಾಕಾಗಿತ್ತು.

ಒಮ್ಮೆ ಅವನಿಗೆ ಜ್ವರ. ಶಾಲೆಯಲ್ಲಿ ಅಂದು 'ಸಮುದಾಯದತ್ತ ಶಾಲೆ' ಕಾರ್ಯಕ್ರಮ. ಮಕ್ಕಳು ಏನು ಕಲಿತಿದ್ದಾರೆಂದು ಊರಿನವರ ಮುಂದೆ ತೋರಿಸುವ ದಿನ ಅದು. ಬೇರೆ ದಾರಿಯಿಲ್ಲದೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಟೀಚರ್ ಒಬ್ಬೊಬ್ಬರನ್ನೇ ಕರೆದು ಪಾಠ ಓದಿಸುತ್ತಿದ್ದರು. ನನ್ನ ಮಗಳ ಸರದಿ ಬಂತು. ಗಂಟಲು ಸರಿಪಡಿಸಿಕೊಂಡು, ಎಲ್ಲೂ ತಡವರಿಸದೆ ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕೆಂದು ಕೈ ಎತ್ತಿದವಳು ಅವಳ ಬೆರಳನ್ನು ನೋಡಿದೆ. ಬೆರಳು ಎರಡನೇ ಸಾಲಿನಲ್ಲಿತ್ತು, ಬಾಯಿ ಐದನೇ ಸಾಲಿನಲ್ಲಿತ್ತು.

ಅವಳು ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಳು.

ಟೀಚರರನ್ನು ದೂರಲಾರೆ. ಎರಡು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುವವರು ಅವರು. ಎಲ್ಲರೂ ಒಟ್ಟಾಗಿ ಗಟ್ಟಿಯಾಗಿ ಓದುವಾಗ ಅಕ್ಷರ ಗೊತ್ತಿಲ್ಲದ ಒಂದು ದನಿ ಅದರಲ್ಲಿ ಹೇಗೆ ಬೇಕಾದರೂ ಅಡಗಿಕೊಳ್ಳುತ್ತದೆ. ಆದರೆ ಪ್ರತಿದಿನ ಮಗ್ರಿಬ್ ಬಳಿಕ ಅವಳು ನನ್ನ ಮನೆಯಲ್ಲೇ ಅದೇ ಪಾಠವನ್ನು ಗಟ್ಟಿಯಾಗಿ ಹೇಳುತ್ತಿದ್ದಳಲ್ಲ? ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಆ ದನಿ ಕೇಳಿ ಖುಷಿಪಡುತ್ತಿದ್ದೆ. ದನಿ ಕೇಳಿದೆನೇ ಹೊರತು ಪುಸ್ತಕ ನೋಡಲಿಲ್ಲ.

"ನಿಮಗೆ ಕನ್ನಡ ಓದಲು ಬರುತ್ತದೆ, ಗೊತ್ತಾಯಿತು. ನಮಗೆ ಬರುವುದಿಲ್ಲವಲ್ಲ" ಎಂದು ಅನೇಕ ಸಹೋದರಿಯರು ಹೇಳುತ್ತಾರೆ. ಅಕ್ಷರ ಬಾರದ ತಾಯಿಗೂ ಇದನ್ನು ಪರೀಕ್ಷಿಸಲು ದಾರಿಯಿದೆ. ಪುಟದ ನಡುವಿನ ಯಾವುದಾದರೂ ಒಂದು ಪದದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿ. ಅದೇ ಆಕಾರದ ಪದವನ್ನು ಇನ್ನೊಂದು ಪುಟದಲ್ಲಿ ಹುಡುಕಿ ಮತ್ತೆ ಕೇಳಿ. ಎರಡೂ ಕಡೆ ಒಂದೇ ಉತ್ತರ ಬಂದರೆ ಮಗು ಓದುತ್ತಿದೆ. ಪುಟದ ಆರಂಭಕ್ಕೆ ಹೋಗಿ ಮೊದಲಿನಿಂದ ಹೇಳಿಕೊಂಡು ಬಂದರೆ ಬಾಯಿಪಾಠ. ಇದಕ್ಕೆ ಬೇಕಾದದ್ದು ಐದು ನಿಮಿಷ ಮಾತ್ರ.

ನಾಲ್ಕು ಭಾಷೆಗಳ ಮಗು

ನಮ್ಮ ಮಕ್ಕಳ ದಿನಚರಿಯನ್ನು ಒಮ್ಮೆ ನೋಡಿ. ಬೆಳಿಗ್ಗೆ ಬೇಗ ಎದ್ದು ಮದ್ರಸ. ಅಲ್ಲಿಂದ ಓಡಿ ಬಂದು ತಿಂಡಿ, ಯೂನಿಫಾರ್ಮ್, ಶಾಲೆ. ಮದ್ರಸದಲ್ಲಿ ಅಕ್ಷರ ಬಲದಿಂದ ಎಡಕ್ಕೆ ಹೋಗುತ್ತದೆ, ಶಾಲೆಯಲ್ಲಿ ಎಡದಿಂದ ಬಲಕ್ಕೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಅದರ ಜೊತೆಗೆ ಇಂಗ್ಲಿಷ್. ಆರು ವರ್ಷದ ಮಗು ಇಷ್ಟನ್ನೆಲ್ಲ ನಿಭಾಯಿಸುತ್ತದೆ ಎಂದರೆ ಅದು ದಡ್ಡ ಮಗುವಲ್ಲ. ಆದರೆ ಆ ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತದೆಂದು ಟೀಚರಿಗೆ ಗೊತ್ತಿರಬೇಕು. ಬೇರೆ ಊರಿನಿಂದ ವರ್ಗವಾಗಿ ಬಂದ ಶಿಕ್ಷಕಿಗೆ ಬ್ಯಾರಿ ಭಾಷೆಯೆಂಬುದೊಂದು ಇದೆಯೆಂದೇ ತಿಳಿಯದಿರಬಹುದು. 'ಈ ಮಗು ಮಾತೇ ಆಡುವುದಿಲ್ಲ' ಎಂದು ಅವರು ಭಾವಿಸುವ ಮೊದಲು, 'ಮನೆಯಲ್ಲಿ ಇವಳ ಬಾಯಿ ಮುಚ್ಚಿಸುವುದೇ ಕಷ್ಟ' ಎಂದು ಹೇಳುವವರು ಯಾರು? ನಾವೇ ಅಲ್ಲವೇ?

ಮುಸ್ಲಿಮ್ ಮಕ್ಕಳೆಲ್ಲ ಮದ್ರಸಕ್ಕೆ ಮಾತ್ರ ಹೋಗುತ್ತಾರೆಂಬ ತಪ್ಪು ಕಲ್ಪನೆ ಹೊರಗೆ ಬಹಳ ಇದೆ. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ಅದನ್ನು ಅಂಕಿಅಂಶಗಳಿಂದಲೇ ಸುಳ್ಳಾಗಿಸಿತು. ಪೂರ್ಣಾವಧಿ ಮದ್ರಸಗಳಲ್ಲಿ ಕಲಿಯುವವರು ಬೆರಳೆಣಿಕೆಯ ಶೇಕಡಾ ಮಕ್ಕಳು ಮಾತ್ರ; ಉಳಿದವರಲ್ಲಿ ಹಲವರದ್ದು ನಮ್ಮ ಮಕ್ಕಳ ಹಾಗೆ ಬೆಳಿಗ್ಗೆ ಮದ್ರಸ, ಹಗಲು ಶಾಲೆ. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತ್ತು. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕರಲ್ಲೊಬ್ಬರು ಒಂದೋ ಶಾಲೆಯ ಮುಖ ನೋಡಿರಲಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದರು. ಮೊದಲನೆಯದನ್ನು ನಾವು ವೇದಿಕೆಗಳಲ್ಲಿ ಹೇಳಿಕೊಂಡಷ್ಟು ಎರಡನೆಯದನ್ನು ಹೇಳಿಕೊಳ್ಳಲಿಲ್ಲ.

ಒಂದರಿಂದ ಮೂರನೇ ತರಗತಿಯವರೆಗೆ 'ನಲಿಕಲಿ' ಇರುವ ಸರಕಾರಿ ಶಾಲೆಗಳ ಬಗ್ಗೆ ತಾಯಂದಿರ ದೂರು ಬೇರೆಯೇ. "ಪುಸ್ತಕವೇ ಇಲ್ಲ, ಬರೀ ಹಾಡು, ಚಿತ್ರ, ಕಾರ್ಡು" ಎನ್ನುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಬಳಿಕ ರಾಜ್ಯಕ್ಕೆಲ್ಲ ಹರಡಿದ ಪದ್ಧತಿಯಿದು. ಮಗು ತನ್ನದೇ ವೇಗದಲ್ಲಿ ಏಣಿಯ ಮೆಟ್ಟಿಲುಗಳಂತೆ ಒಂದೊಂದೇ ಹಂತ ದಾಟಬೇಕು. ತರಗತಿಯ ಗೋಡೆಯಲ್ಲಿ ಆ ಕಲಿಕಾ ಏಣಿ ತೂಗುತ್ತಿರುತ್ತದೆ. ಒಳಗೆ ಹೋಗಿ, "ನನ್ನ ಮಗ ಎಷ್ಟನೇ ಮೆಟ್ಟಿಲಲ್ಲಿದ್ದಾನೆ?" ಎಂದು ಕೇಳಿ. ತಿಂಗಳು ಬಿಟ್ಟು ಮತ್ತೆ ಕೇಳಿ. ಅಂಕಪಟ್ಟಿಗಿಂತ ಹೆಚ್ಚು ವಿಷಯ ಅದರಲ್ಲಿದೆ.

ಕಾನೂನು ಕೊಟ್ಟ ಜಾಗ

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಎಸ್‌ಡಿಎಂಸಿ ಎಂದರೆ ನಿಮಗೆ ಬೇಗ ಗೊತ್ತಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಗಟ್ಟಿ ಬುನಾದಿ ಹಾಕಿತು. ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತೆಂದು ಗಮನಿಸುವುದು ಇವೆಲ್ಲ ಅದರ ಕೆಲಸ. ಸರಕಾರಿ ಉರ್ದು ಶಾಲೆಗಳಿಗೂ ಇದೇ ಅನ್ವಯ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಲ್ಲಿ ಮತ್ತು ಇತರ ಅನುದಾನಿತ ಶಾಲೆಗಳಲ್ಲಿ ಮಾತ್ರ ಸಮಿತಿ ಸಲಹೆ ಕೊಡಬಹುದಷ್ಟೇ ಎಂದು 2012ರಲ್ಲಿ ತಿದ್ದುಪಡಿಯಾಯಿತು.

ಇಲ್ಲೊಂದು ತಮಾಷೆ ನೋಡಿ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಸಮಿತಿ ಕಡ್ಡಾಯವಿಲ್ಲ. ನನ್ನ ಹಿರಿಯ ಮಗ ಅಂಥದೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗಿ ಕಲಿತವನು. ಅಲ್ಲಿನ ಸಭೆಗೆ ನಾನು ಒಳ್ಳೆಯ ಬುರ್ಖಾ ತೊಟ್ಟು ತಪ್ಪದೆ ಹೋಗುತ್ತಿದ್ದೆ. ಫೀಸು ಕೊಟ್ಟ ಕಡೆ ಕೇಳಿಸಿಕೊಳ್ಳಲು ಮಾತ್ರ ಅವಕಾಶ, ಆದರೂ ಹೋಗುತ್ತಿದ್ದೆ. ಫೀಸಿಲ್ಲದ ಕಡೆ ಮಾತಾಡುವ ಹಕ್ಕಿತ್ತು, ಹೋಗುತ್ತಿರಲಿಲ್ಲ. ನೀವೂ ಹೀಗೆಯೇ ಮಾಡುತ್ತಿದ್ದೀರಾ?

ಮಹಿಳೆಯರ ಅರ್ಧ ಪಾಲು ಕಾಗದದಲ್ಲಿ ಹೇಗೆ ತುಂಬುತ್ತದೆ ಎಂಬುದಕ್ಕೆ ನನ್ನ ಪರಿಚಯದ ಒಬ್ಬ ಸಹೋದರಿಯ ಕಥೆ ಸಾಕು. ತಾನು ಎಸ್‌ಡಿಎಂಸಿ ಸದಸ್ಯೆಯೆಂದು ಆಕೆಗೆ ತಿಳಿದದ್ದೇ ಸಭೆಯ ರಿಜಿಸ್ಟರು ಅಡುಗೆಮನೆಗೆ ಬಂದಾಗ. "ಇಲ್ಲೊಂದು ಸಹಿ ಹಾಕಿ ಅಕ್ಕಾ, ಸಭೆ ಮುಗಿದಿದೆ" ಎಂದರಂತೆ. ಮೀನಿನ ಕೈ ತೊಳೆದು ಸಹಿ ಹಾಕಿದಳು. ಮುಂದಿನ ಸಲ ರಿಜಿಸ್ಟರು ಬಂದಾಗ, "ಸಭೆ ಯಾವಾಗ ಎಂದು ಮೊದಲು ಹೇಳಿ, ನಾನೇ ಬಂದು ಹಾಕುತ್ತೇನೆ" ಎಂದಳು. ಹೋದಳು ಕೂಡ.

ಆ ಸಭೆಯಲ್ಲಿ ಗಂಡಸರು ವಾರ್ಷಿಕೋತ್ಸವದ ವೇದಿಕೆ, ಗೇಟಿನ ಕಮಾನು ಎಂದು ಒಂದು ಗಂಟೆ ಚರ್ಚಿಸಿದರಂತೆ. ಕೊನೆಗೆ ಈಕೆ ಮೆಲ್ಲನೆ, ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಮುರಿದು ಎಷ್ಟು ಸಮಯವಾಯಿತು ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಐದನೇ ತರಗತಿಯ ಅವಳ ಮಗಳಿಗೆ ಗೊತ್ತಿತ್ತು. ಅಲ್ಲಿಗೆ ಹೋಗಬೇಕಾದೀತೆಂದು ಆ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ. ಮನೆಗೆ ಬಂದು ಹೊಟ್ಟೆನೋವು ಎಂದು ಮಲಗುತ್ತಿದ್ದರು. ಒಂದು ಚಿಲಕದ ಬೆಲೆ ಎಷ್ಟು? ಕಮಾನಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಅದನ್ನು ಹೇಳಲು ಆ ಕೋಣೆಯಲ್ಲಿ ಒಬ್ಬ ತಾಯಿ ಕುಳಿತಿರಬೇಕಿತ್ತು.

ಊಟ, ಉಪವಾಸ, ರಜೆ

ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆ ಬಂತು. 2013ರ ಆಗಸ್ಟ್‌ನಲ್ಲಿ ಹಾಲು ಸೇರಿತು, ಆಮೇಲೆ ಮೊಟ್ಟೆಯೂ. ಅದೇ 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ತಿಂದು 23 ಮಕ್ಕಳು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕೆಂಬ ನಿಯಮವಿದೆ. ಆ ದೊಡ್ಡವರಲ್ಲಿ ತಿಂಗಳಿಗೊಮ್ಮೆ ನೀವೂ ಒಬ್ಬರಾಗಬಾರದೇಕೆ? ತಪ್ಪು ಹುಡುಕುವ ಇನ್‌ಸ್ಪೆಕ್ಟರರಂತೆ ಮಾತ್ರ ಹೋಗಬೇಡಿ. ಅಡುಗೆಯವರು ನಮ್ಮ ಊರಿನ ಹೆಂಗಸರೇ, ಬಹಳ ಕಡಿಮೆ ಸಂಬಳಕ್ಕೆ ದುಡಿಯುವವರು. ಅಕ್ಕಿಯಲ್ಲಿ ಹುಳವಿದ್ದರೆ ಅದು ಅವರ ತಪ್ಪಲ್ಲ. ನೀವು ಜೊತೆಗೆ ನಿಂತರೆ ಅವರಿಗೂ ಹೇಳುವ ಧೈರ್ಯ ಬರುತ್ತದೆ.

ರಮಝಾನ್‌ನಲ್ಲಿ ಚಿಕ್ಕ ಮಕ್ಕಳೂ ಹಠ ಹಿಡಿದು ಉಪವಾಸ ಮಾಡುತ್ತಾರೆ. ಹಾಗಿದ್ದ ದಿನ ಒಂದು ಚೀಟಿ ಬರೆದು ಕಳುಹಿಸಿ, ಅಥವಾ ಫೋನ್ ಮಾಡಿ ತಿಳಿಸಿ. ಬಿಸಿಲಲ್ಲಿ ಓಡಿಸುವ ಆಟದಿಂದ ಆ ಮಗುವನ್ನು ಬಿಡಲು ಯಾವ ಟೀಚರಾದರೂ ಒಪ್ಪುತ್ತಾರೆ. ತಿಳಿಸದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ರಜೆಯ ವಿಷಯದಲ್ಲಿ ನಾವು ಸ್ವಲ್ಪ ನಾಚಿಕೊಳ್ಳಲೇಬೇಕು. ಒಂದರಿಂದ ಐದನೇ ತರಗತಿಗೆ ಕಾನೂನು ಹೇಳುವುದು ವರ್ಷಕ್ಕೆ 200 ಕೆಲಸದ ದಿನಗಳು. ಅದರಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ನಾಲ್ಕು ದಿನ, ಗಲ್ಫ್‌ನಿಂದ ಅಪ್ಪ ಬಂದರೆಂದು ಹತ್ತು ದಿನ, ವಿಸಿಟ್ ವೀಸಾದಲ್ಲಿ ಹೋದರೆ ಎರಡು ತಿಂಗಳು. ಅಪ್ಪನನ್ನು ನೋಡುವುದು ಬೇಡವೆನ್ನಲು ನನಗೂ ಮನಸ್ಸಿಲ್ಲ, ನನ್ನ ಮಕ್ಕಳೂ ಕಾದು ಕುಳಿತವರೇ. ಆದರೆ ಹೋಗುವ ಮೊದಲು ಟೀಚರನ್ನು ಕಂಡು, ಏನೇನು ಪಾಠ ಆಗುತ್ತದೆಂದು ಕೇಳಿ ಪುಸ್ತಕ ಜೊತೆಗೆ ಒಯ್ಯಬಹುದಲ್ಲ? ದೂರದಲ್ಲಿರುವ ಅಪ್ಪನಿಗೂ ಕೆಲಸ ಕೊಡಿ. ನಮ್ಮ ಮನೆಯಲ್ಲಿ ಈಗ ಶುಕ್ರವಾರ ಅವರ ರಜೆಯ ದಿನ ನೋಟ್‌ಪುಸ್ತಕದ ಫೋಟೋ ವಾಟ್ಸಾಪಿನಲ್ಲಿ ಹೋಗುತ್ತದೆ. ಮೊದಲೆಲ್ಲ 'ಚಾಕೊಲೇಟ್ ಬೇಕಾ' ಎಂದು ಕೇಳುತ್ತಿದ್ದವರು ಈಗ 'ಏಳರ ಮಗ್ಗಿ ಯಾಕೆ ತಪ್ಪಿದೆ' ಎಂದು ಕೇಳುತ್ತಾರೆ. ಮಗಳಿಗೆ ಸ್ವಲ್ಪ ಬೇಸರವೇ.

ಕಿತ್ತಳೆ ಮಾರಿದವರ ಶಾಲೆ

ಊರಿಗೆ ಶಾಲೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಹರೇಕಳ ಹಾಜಬ್ಬರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರಲ್ಲಿ ವಿದೇಶಿಯರು ಬಂದು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಉತ್ತರಿಸಲು ಆಗಲಿಲ್ಲ. ಆ ಅವಮಾನವನ್ನು ನುಂಗಿಕೊಂಡು ಸುಮ್ಮನಾಗಬಹುದಿತ್ತು. ಅವರು ತನ್ನ ನ್ಯೂಪಡ್ಪುವಿನ ಮಕ್ಕಳಿಗೆ ಹಾಗಾಗಬಾರದೆಂದು ಕಚೇರಿಗಳಿಗೆ ಅಲೆದರು. 2000ದ ಸುಮಾರಿಗೆ ಮಸೀದಿಯ ಮದ್ರಸದಲ್ಲೇ 28 ಮಕ್ಕಳೊಂದಿಗೆ ತರಗತಿ ಆರಂಭವಾಯಿತು. ಕಿತ್ತಳೆ ಮಾರಿ ಉಳಿಸಿದ ಹಣ, ಊರವರ ನೆರವು, ಸರಕಾರದ ಮಂಜೂರಾತಿ ಸೇರಿ ಜಾಗ, ಕಟ್ಟಡ ಎಲ್ಲ ಬಂತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಯಿಂದ ಸಂದೇಶ ಕಳುಹಿಸಿಕೊಂಡೆವು. ಅದೇ ದಿನ ನಮ್ಮ ನಮ್ಮ ಊರಿನ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಎಷ್ಟು ಮಂದಿ ಕೇಳಿದೆವು?

ಈ ಲೆಕ್ಕ ಮುಖ್ಯ. ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಒಂದು ಮನೆಯ ಮಗು ವ್ಯಾನು ಹತ್ತಿದರೆ ಉಳಿದ ಅರವತ್ತು ಮಕ್ಕಳು ಒಬ್ಬ ಟೀಚರನ್ನು ಕಳೆದುಕೊಳ್ಳಬಹುದು. ವ್ಯಾನಿಗೆ ಹತ್ತಿಸಿದವರಲ್ಲಿ ನಾನೂ ಒಬ್ಬಳಾದ್ದರಿಂದ ಯಾರನ್ನೂ ಬೈಯುವುದಿಲ್ಲ.

ಮಗಳ ಓದಿನ ವಿಷಯ ಏನಾಯಿತೆಂದು ನೀವು ಕೇಳಬಹುದು. ಮರುದಿನವೇ ಟೀಚರನ್ನು ಕಂಡು ಬೆರಳಿನ ವಿಷಯ ಹೇಳಿದೆ. ಅವರು ಮೊದಲು ನಂಬಲಿಲ್ಲ, ಒಂದು ಪದ ತೋರಿಸಿ ಕೇಳಿದ ಮೇಲೆ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ಇವಳೊಬ್ಬಳೇ ಆಗಿರಲಿಕ್ಕಿಲ್ಲ" ಎಂದರು. ಪರೀಕ್ಷಿಸಿದಾಗ ಇನ್ನೂ ಏಳು ಮಕ್ಕಳು ಹಾಗೇ ಇದ್ದರು. ಮಧ್ಯಾಹ್ನ ಊಟದ ಬಳಿಕ ಅರ್ಧ ಗಂಟೆ ಅವರನ್ನು ಬೇರೆಯಾಗಿ ಕೂರಿಸಿ ಅಕ್ಷರದಿಂದ ಶುರು ಮಾಡಿದರು. ವಾರಕ್ಕೆ ಎರಡು ದಿನ ನಾನೂ ಹೋಗಿ ಕುಳಿತೆ. ಮೂರು ತಿಂಗಳಲ್ಲಿ ಮಗಳು ಅಂಗಡಿಗಳ ಬೋರ್ಡು ಓದತೊಡಗಿದಳು. ಉಳಿದ ಏಳರಲ್ಲಿ ಐದು ಮಂದಿ ದಡ ಸೇರಿದರು, ಒಬ್ಬ ಹುಡುಗನಿಗೆ ಕಣ್ಣಿನ ದೋಷವೆಂದು ತಿಳಿದು ಕನ್ನಡಕ ಬಂತು. ಇನ್ನೊಬ್ಬಳ ಮನೆಯವರು ಬಾಡಿಗೆ ಮನೆ ಬದಲಿಸಿ ಬೇರೆ ಊರಿಗೆ ಹೋದರು. ಆ ಹುಡುಗಿ ಈಗ ಯಾವ ಶಾಲೆಯಲ್ಲಿದ್ದಾಳೋ, ಅವಳ ಪುಸ್ತಕದ ಮೇಲೆ ಯಾರಾದರೂ ಬೆರಳಿಟ್ಟು ಕೇಳಿದರೋ ಗೊತ್ತಿಲ್ಲ.